ತೆಂಗಿನ ಗರಿಯ ನೆರಳಿನಲ್ಲಿ ಹಬ್ಬದೂಟ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಹಬ್ಬ ಯಾವುದೇ ಇರಲಿ, ಯಾವ ಮತದವರದೇ ಆಗಲಿ, ತೆಂಗು ಇಲ್ಲದೆ ಅದು ನಡೆಯುವುದಿಲ್ಲ. ಮದುವೆಗೆ ಗರಿಯ ಚಪ್ಪರ, ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಕೊಬ್ಬರಿಯ ಚೂರು, ಯುಗಾದಿಯ ಹೋಳಿಗೆ ಹೂರಣಕ್ಕೆ ಕಾಯಿತುರಿ, ಕ್ರಿಸ್ತಜಯಂತಿಯ ಕಜ್ಜಾಯದ ಜೊತೆಗೆ ಕೊಬ್ಬರಿ ಮಿಠಾಯಿ, ಗರಿಗಳ ಭಾನುವಾರದಂದು ಕೈಯಲ್ಲಿ ಹಿಡಿಯಲು ಎಳೆಯ ಸುಳಿಗರಿ. ಕಲ್ಪತರು ನಾಡು ಎಂಬ ಹೆಸರು ಸುಮ್ಮನೆ ಬಂದುದಲ್ಲ. ಈ ನಾಡಿನಲ್ಲಿ ಕಥೋಲಿಕ ಕುಟುಂಬಗಳ ಸಂಖ್ಯೆ ಚಿಕ್ಕದು. ಬೆಂಗಳೂರು ಮಹಾಧರ್ಮಕ್ಷೇತ್ರದ ವಿಸ್ತಾರದೊಳಗೆ ತುಮಕೂರು ಜಿಲ್ಲೆಯ ಈ ತಾಲ್ಲೂಕುಗಳಲ್ಲಿ ಅಲ್ಲೊಂದು ಇಲ್ಲೊಂದು ಮನೆಯಂತೆ ನಾವು ಚದುರಿಕೊಂಡಿದ್ದೇವೆ. ದೇವಾಲಯವೇ ದೂರ, ಸಂಬಂಧಿಕರೂ ದೂರ. ಮಕ್ಕಳು ಓದಿಗೆಂದೋ ಉದ್ಯೋಗಕ್ಕೆಂದೋ ಬೆಂಗಳೂರು ಸೇರಿದ ಮೇಲೆ ಹಿರಿಯರಿಬ್ಬರೇ ಉಳಿದಿರುವ ಮನೆಗಳು ಈಗ ಕಡಿಮೆಯೇನಲ್ಲ.

ಇಂತಹ ಮನೆಗಳಲ್ಲಿ ಹಬ್ಬವು ನಿಧಾನವಾಗಿ ಬಡವಾಗುತ್ತಿದೆ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು. ಬಲಿಪೂಜೆಗೆ ಹೋಗಿ ಬಂದು, ಅಂಗಡಿಯಿಂದ ತಂದ ಸಿಹಿಯನ್ನು ತಟ್ಟೆಗೆ ಹಾಕಿಕೊಂಡು, ಆಮೇಲೆ ಒಬ್ಬೊಬ್ಬರು ಒಂದೊಂದು ಪರದೆಯ ಮುಂದೆ ಕುಳಿತರೆ ಹಬ್ಬ ಮುಗಿಯಿತು. ಈ ಹಬ್ಬ ಏಕೆ, ಈ ಅಡಿಗೆ ಏಕೆ, ಈ ದಿನ ನಮ್ಮ ಅಜ್ಜ ಅಜ್ಜಿಯರು ಏನನ್ನು ನೆನೆಯುತ್ತಿದ್ದರು ಎಂದು ಕೇಳುವ ಮಗುವೂ ಇಲ್ಲ, ಹೇಳುವ ಹಿರಿಯರೂ ಇಲ್ಲ. ವಿಶ್ವಾಸವು ಒಂದು ತಲೆಮಾರಿನಿಂದ ಇನ್ನೊಂದು ತಲೆಮಾರಿಗೆ ದಾಟುವ ಸೇತುವೆ ಹೀಗೆ ಸದ್ದಿಲ್ಲದೆ ಕುಸಿಯುತ್ತದೆ. ಈ ವಿಷಯದಲ್ಲಿ ನಾವು ಯಾರಿಂದ ಪಾಠ ಕಲಿಯಬಹುದೆಂದು ಯೋಚಿಸಿದರೆ, ನಮ್ಮ ಪ್ರಭು ಯೇಸು ಯಾವ ಜನಾಂಗದಲ್ಲಿ ಹುಟ್ಟಿದರೋ, ಯಾವ ಜನಾಂಗದ ಹಬ್ಬಗಳನ್ನು ಮಾತೆ ಮರಿಯಮ್ಮನವರ ಮನೆಯಲ್ಲಿ ಆಚರಿಸಿ ಬೆಳೆದರೋ, ಆ ಯೆಹೂದ್ಯರ ಕಡೆಗೆ ದೃಷ್ಟಿ ಹೊರಳುವುದು ಸಹಜ. ಎರಡು ಸಾವಿರ ವರ್ಷಗಳ ಕಾಲ ದೇಶದಿಂದ ದೇಶಕ್ಕೆ ಚದುರಿಹೋದ ಆ ಜನ ತಮ್ಮ ಧರ್ಮವನ್ನು ಉಳಿಸಿಕೊಂಡದ್ದು ಪ್ರಾರ್ಥನಾಲಯಗಳಲ್ಲಿ ಎಷ್ಟೋ, ಊಟದ ಮಣೆಯ ಸುತ್ತಲೂ ಅಷ್ಟೇ.

ಬೇವು ಬೆಲ್ಲ ಮತ್ತು ಕಹಿಸೊಪ್ಪು

ಯುಗಾದಿಯ ಬೆಳಿಗ್ಗೆ ನಮ್ಮ ನೆರೆಹೊರೆಯವರು ಬೇವು ಬೆಲ್ಲ ಕೊಡುತ್ತಾರೆ. ಬಾಳಿನಲ್ಲಿ ಕಹಿಯೂ ಉಂಟು, ಸಿಹಿಯೂ ಉಂಟು, ಎರಡನ್ನೂ ಒಂದೇ ಕೈಯಿಂದ ಸ್ವೀಕರಿಸಬೇಕೆಂಬುದು ಅದರ ಅರ್ಥ. ಅದಾಗಿ ಸುಮಾರು ಹದಿನೈದು ದಿನಕ್ಕೆ, ಚೈತ್ರದ ಹುಣ್ಣಿಮೆಯ ವೇಳೆಗೆ, ಯೆಹೂದ್ಯರ ಪಾಸ್ಕ ಹಬ್ಬ ಬರುತ್ತದೆ. ಅವರ ಪಂಚಾಂಗವೂ ನಮ್ಮ ಚಾಂದ್ರಮಾನದಂತೆಯೇ ಚಂದ್ರನನ್ನು ಅನುಸರಿಸಿ, ಋತುಗಳು ತಪ್ಪದಂತೆ ಆಗಾಗ ಅಧಿಕ ಮಾಸವನ್ನು ಸೇರಿಸಿಕೊಳ್ಳುವ ಪಂಚಾಂಗ. ನಮ್ಮ ಪುನರುತ್ಥಾನದ ಹಬ್ಬವೂ ವಸಂತದ ಹುಣ್ಣಿಮೆಯ ಲೆಕ್ಕವನ್ನೇ ಹಿಡಿದು ಬರುವುದರಿಂದ ಮೂರೂ ಹಲವು ವರ್ಷ ಒಂದೇ ಸಾಲಿನಲ್ಲಿ ಬಂದು ನಿಲ್ಲುತ್ತವೆ. 2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ, ಏಪ್ರಿಲ್ 12ರ ಸಂಜೆ ಪಾಸ್ಕದ ಆರಂಭ, ಮರುದಿನವೇ ಗರಿಗಳ ಭಾನುವಾರ, ಏಪ್ರಿಲ್ 20ಕ್ಕೆ ಪುನರುತ್ಥಾನದ ಹಬ್ಬ. ಕೆಲವು ವರ್ಷ ಅಧಿಕ ಮಾಸದಿಂದ ಈ ಸಾಲು ತಪ್ಪುವುದೂ ಉಂಟು. 2024ರಲ್ಲಿ ನಮ್ಮ ಹಬ್ಬ ಮಾರ್ಚ್ 31ಕ್ಕೇ ಬಂದು ಹೋಗಿ, ಯುಗಾದಿ ಏಪ್ರಿಲ್ 9ಕ್ಕೂ ಯೆಹೂದ್ಯರ ಪಾಸ್ಕ ಏಪ್ರಿಲ್ 22ರ ಸಂಜೆಗೂ ಬಂದಿತು.

ಪಾಸ್ಕದ ರಾತ್ರಿ ಯೆಹೂದ್ಯರ ಮನೆಯ ಊಟದಲ್ಲಿ ಕಹಿಸೊಪ್ಪು ಇರಲೇಬೇಕು. ಈಜಿಪ್ಟಿನ ದಾಸ್ಯದ ಕಹಿಯನ್ನು ಅದು ನೆನಪಿಸುತ್ತದೆ. ಅದರ ಪಕ್ಕದಲ್ಲಿಯೇ ಹಣ್ಣು ಮತ್ತು ಬೀಜಗಳನ್ನು ಅರೆದು ಮಾಡಿದ ಸಿಹಿಯಾದ ಕಲಸು ಇರುತ್ತದೆ. ಅದರ ಬಣ್ಣ ಮತ್ತು ಮುದ್ದೆಯ ಹದ, ದಾಸರಾಗಿ ಕಲಸಿದ ಇಟ್ಟಿಗೆಯ ಮಣ್ಣಿನ ನೆನಪಂತೆ. ಕಹಿಯನ್ನು ಆ ಸಿಹಿಯಲ್ಲಿ ಅದ್ದಿ ತಿನ್ನುತ್ತಾರೆ. ಹುಳಿ ಬೆರೆಸದ ರೊಟ್ಟಿಯನ್ನು ಮುರಿಯುತ್ತಾರೆ. ಹೊರಡುವ ಆತುರದಲ್ಲಿ ಹಿಟ್ಟು ಹುಳಿಯಾಗುವುದಕ್ಕೂ ಸಮಯವಿರಲಿಲ್ಲ ಎಂಬುದನ್ನು ಆ ರೊಟ್ಟಿ ಸಾರುತ್ತದೆ.

ಈ ಊಟದಲ್ಲಿ ಅತ್ಯಂತ ಮುಖ್ಯನಾದವನು ಮನೆಯ ಯಜಮಾನನಲ್ಲ. ಮನೆಯ ಅತ್ಯಂತ ಚಿಕ್ಕ ಮಗು. ಉಳಿದ ರಾತ್ರಿಗಳಿಗಿಂತ ಈ ರಾತ್ರಿ ಏಕೆ ಬೇರೆ ಎಂದು ಆ ಮಗುವೇ ಕೇಳಬೇಕು. ಕೇಳಿದ ಮೇಲೆಯೇ ಹಿರಿಯರು ಕಥೆ ಆರಂಭಿಸುತ್ತಾರೆ. ಇದು ಯಾರೋ ಇತ್ತೀಚೆಗೆ ಕಂಡುಹಿಡಿದ ಪದ್ಧತಿಯಲ್ಲ. ಈ ಆಚರಣೆಯ ಅರ್ಥವೇನೆಂದು ನಿಮ್ಮ ಮಕ್ಕಳು ಕೇಳುವಾಗ ಹೀಗೆ ಉತ್ತರ ಕೊಡಿ ಎಂದು ವಿಮೋಚನಾಕಾಂಡದ 12ನೆಯ ಅಧ್ಯಾಯವೇ ವಿಧಿಸುತ್ತದೆ. ಮಗುವಿನ ಪ್ರಶ್ನೆಯನ್ನೇ ಪೂಜಾವಿಧಿಯ ಭಾಗವನ್ನಾಗಿ ಮಾಡಿದ ಈ ಜಾಣ್ಮೆಯನ್ನು ಎಷ್ಟು ಕೊಂಡಾಡಿದರೂ ಸಾಲದು. ನಮ್ಮ ಮನೆಗಳಲ್ಲಿ ಮಕ್ಕಳು ಪ್ರಶ್ನೆ ಕೇಳಿದರೆ, ಈಗ ಸುಮ್ಮನಿರು, ಪ್ರಾರ್ಥನೆ ಮುಗಿಯಲಿ ಎಂದು ಗದರುವುದೇ ಹೆಚ್ಚು.

ತೆಂಗಿನ ಹಾಲಿನ ಪೆಸಹ

ಈ ಪಾಸ್ಕದ ಊಟ ನಮ್ಮ ಕಥೋಲಿಕ ಮನೆಗಳಿಂದ ಪೂರ್ತಿ ದೂರವಾಗಿದೆ ಎಂದು ಯಾರೂ ತಿಳಿಯಬೇಕಿಲ್ಲ. ಕೇರಳದ ಸಂತ ತೋಮರ ಕ್ರೈಸ್ತರು ಪವಿತ್ರ ಗುರುವಾರದ ರಾತ್ರಿ ಇಂದಿಗೂ ಮನೆಯಲ್ಲಿ ಪೆಸಹ ಆಚರಿಸುತ್ತಾರೆ. ಅವರ ಪೆಸಹ, ನಮ್ಮ ಪಾಸ್ಕ, ಯೆಹೂದ್ಯರ ಪೆಸಹ್, ಮೂರೂ ಒಂದೇ ಬೇರಿನ ಮಾತುಗಳು. ಅವರಲ್ಲಿ ಅಕ್ಕಿಹಿಟ್ಟಿಗೆ ಉದ್ದು ಸೇರಿಸಿ, ಹುಳಿ ಬರಿಸದೆ, ಹಬೆಯಲ್ಲಿ ಬೇಯಿಸಿದ ಅಪ್ಪ; ಅದರ ಮೇಲೆ ಗರಿಗಳ ಭಾನುವಾರದಂದು ಆಶೀರ್ವದಿಸಿ ತಂದ ಗರಿಯ ತುಂಡುಗಳಿಂದ ಇಟ್ಟ ಶಿಲುಬೆ. ಜೊತೆಗೆ ತೆಂಗಿನ ಹಾಲಿಗೆ ಬೆಲ್ಲ, ಶುಂಠಿ, ಏಲಕ್ಕಿ ಹಾಕಿ ಕಾಯಿಸಿದ ಸಿಹಿಹಾಲು. ಪ್ರಾರ್ಥನೆಯಾದ ಮೇಲೆ ಮನೆಯ ಹಿರಿಯರು ಅಪ್ಪವನ್ನು ಮುರಿದು, ಹಾಲಿನಲ್ಲಿ ಅದ್ದಿ, ಹಿರಿಯರಿಂದ ಕಿರಿಯರವರೆಗೆ ಎಲ್ಲರಿಗೂ ಹಂಚುತ್ತಾರೆ. ಆ ವರ್ಷ ಸಾವು ಸಂಭವಿಸಿದ ಮನೆಯಲ್ಲಿ ಅಪ್ಪ ಮಾಡುವುದಿಲ್ಲ. ನೆರೆಯವರು ತಮ್ಮ ಮನೆಯದನ್ನು ಅಲ್ಲಿಗೆ ಒಯ್ದು ಕೊಡುತ್ತಾರೆ. ದುಃಖದಲ್ಲಿರುವವರನ್ನು ಹಬ್ಬದ ಹೊರಗೆ ಬಿಡದ ಈ ಒಂದು ರೂಢಿಯೇ ಒಂದು ಪ್ರಬೋಧನೆಗೆ ಸಮ.

ಗರಿಗಳ ಭಾನುವಾರದ ಹಿಂದಿನ ಶನಿವಾರವೂ ಅವರಲ್ಲಿ ವಿಶೇಷವಾದುದು. ಬೆಥಾನಿಯದಲ್ಲಿ ಲಾಜರನ ಮನೆಯವರು ಯೇಸುವಿಗೆ ಮಾಡಿದ ಊಟದ ನೆನಪಿಗಾಗಿ ಅಂದು ಅಕ್ಕಿಹಿಟ್ಟಿನೊಳಗೆ ಕಾಯಿ ಬೆಲ್ಲ ತುಂಬಿದ ಕೊಳುಕ್ಕಟ್ಟೆ ಬೇಯಿಸುತ್ತಾರೆ. ನಮ್ಮ ಕಡೆಯ ಸಿಹಿ ಕಡುಬಿಗೆ ಅದು ತೀರ ಹತ್ತಿರದ ನೆಂಟ. ಸೀರೊ ಮಲಬಾರ್ ವಿಧಿಯ ಕುಟುಂಬಗಳು ಕರ್ನಾಟಕದಲ್ಲಿಯೂ ಬಹಳ ಕಾಲದಿಂದ ನೆಲೆಸಿವೆ. 1999ರಲ್ಲಿ ಬೆಳ್ತಂಗಡಿ, 2007ರಲ್ಲಿ ಭದ್ರಾವತಿ ಧರ್ಮಕ್ಷೇತ್ರಗಳು ಅವರಿಗಾಗಿ ಸ್ಥಾಪನೆಯಾದವು. ಅವರ ಪೆಸಹದ ಅಪ್ಪ ನಮ್ಮ ನಾಡಿನ ಒಲೆಗಳ ಮೇಲೆಯೂ ಬೇಯುತ್ತಿದೆ. ಅಕ್ಕಿ, ಬೆಲ್ಲ, ತೆಂಗು ಈ ಮೂರರಲ್ಲಿ ನಮ್ಮ ಸೀಮೆಗೆ ಪರಕೀಯವಾದುದು ಯಾವುದಿದೆ?

ಶನಿವಾರ ಗಾಣ ನಿಲ್ಲಿಸಿದವರು

ಮನೆಯ ಒಲೆಯೇ ಧರ್ಮವನ್ನು ಕಾಪಾಡಬಲ್ಲದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿಯೊಂದು ನಮ್ಮ ಪಶ್ಚಿಮ ಕರಾವಳಿಯಲ್ಲಿದೆ. ಕೊಂಕಣದ ನವಗಾಂವ್ ಬಳಿ ಹಡಗೊಡೆದು ಏಳು ಗಂಡಸರು, ಏಳು ಹೆಂಗಸರು ಮಾತ್ರ ಬದುಕಿ ದಡ ಸೇರಿದರೆಂಬುದು ಬೆನೆ ಇಸ್ರಾಯೇಲ್ ಎಂಬ ಯೆಹೂದ್ಯ ಸಮುದಾಯದ ಪರಂಪರಾಗತ ಕಥೆ. ಅವರ ಗ್ರಂಥಗಳೆಲ್ಲ ಸಮುದ್ರದ ಪಾಲಾದುವಂತೆ. ಕೊಂಕಣದ ಹಳ್ಳಿಗಳಲ್ಲಿ ಅವರು ಎಣ್ಣೆಗಾಣ ತಿರುಗಿಸಿ ಜೀವನ ನಡೆಸಿದರು. ಶನಿವಾರ, ಅಂದರೆ ತಮ್ಮ ಸಬ್ಬತ್ ದಿನ, ಗಾಣ ಮುಟ್ಟುತ್ತಿರಲಿಲ್ಲ. ಆದುದರಿಂದ ಸುತ್ತಲಿನ ಜನ ಅವರಿಗೆ ಶನಿವಾರ ತೇಲಿ, ಎಂದರೆ ಶನಿವಾರದ ಗಾಣಿಗರು, ಎಂದು ಹೆಸರಿಟ್ಟರು. ಪುಸ್ತಕವಿಲ್ಲ, ಗುರುವಿಲ್ಲ, ದೇವಾಲಯವಿಲ್ಲ. ಉಳಿದದ್ದು ಒಂದು ಸಣ್ಣ ಪ್ರಾರ್ಥನೆ, ವಾರದ ವಿಶ್ರಾಂತಿ, ತಿನ್ನುವ ತಿನ್ನದ ವಸ್ತುಗಳ ಕಟ್ಟಳೆ ಮತ್ತು ಹಬ್ಬದ ಅಡಿಗೆ.

ಆ ಸಮುದಾಯದವರೇ ಆದ ಹೈಮ್ ಸ್ಯಾಮ್ಯುಯೆಲ್ ಕೆಹಿಮ್ಕರ್ ಬರೆದಿಟ್ಟ ಇತಿಹಾಸದಲ್ಲಿ ಅವರ ಹಳೆಯ ಹಬ್ಬಗಳ ಹೆಸರುಗಳಿವೆ. ಅವೆಲ್ಲ ಮರಾಠಿ ಹೆಸರುಗಳು. ಹೊಸ ವರ್ಷಕ್ಕೆ ನವ್ಯಾಚಾ ಸಣ, ಅದರ ಬೆನ್ನಿಗೇ ಹೊಸ ಧಾನ್ಯ ಮತ್ತು ತೆಂಗಿನ ಹಾಲಿನ ಖೀರು ಮಾಡುವ ಖೀರಿಚಾ ಸಣ, ಪ್ರಾಯಶ್ಚಿತ್ತದ ದಿನಕ್ಕೆ ಬಾಗಿಲು ಮುಚ್ಚುವ ಹಬ್ಬ, ಪಾಸ್ಕಕ್ಕೆ ಹುಳಿಯ ಗಡಿಗೆಯನ್ನು ಮುಚ್ಚಿಡುವ ಹಬ್ಬ. ಜೆರುಸಲೇಮ್ ದೇವಾಲಯ ನಾಶವಾದ ಶೋಕದ ದಿನಕ್ಕೆ ಬಿರ್ಡೆಯ ಹಬ್ಬ ಎಂದು ಹೆಸರು. ಬಿರ್ಡೆ ಎಂದರೆ ಮೊಳಕೆ ಬರಿಸಿ ಸಿಪ್ಪೆ ತೆಗೆದ ಅವರೆಯ ಸಾರು. ಮಾಗಿಯಲ್ಲಿ ನಾವು ಮಾಡುವ ಹಿತಕಿದ ಬೇಳೆಯ ಸಾರಿನ ಅಣ್ಣತಮ್ಮ. ನೋಡಿ, ಗಡಿಗೆ ಮುಚ್ಚುವುದು ಏಕೆಂಬ ಕಾರಣ ಮಸುಕಾಗಿರಬಹುದು. ಆದರೆ ವರ್ಷಕ್ಕೊಮ್ಮೆ ಆ ದಿನ ಗಡಿಗೆ ಮುಚ್ಚುವುದನ್ನು ತಾಯಂದಿರು ಮರೆಯಲಿಲ್ಲ. ಮುಂದೆ ಹೊರಗಿನ ಯೆಹೂದ್ಯರು ಬಂದು ಗ್ರಂಥಗಳನ್ನು ಓದಿ ಹೇಳಿದಾಗ, ತಮ್ಮ ಅಡಿಗೆಮನೆಯ ಪದ್ಧತಿಗಳ ಅರ್ಥ ಅಲ್ಲಿದೆಯೆಂದು ಅವರಿಗೆ ತಿಳಿಯಿತು. ಗ್ರಂಥವಿಲ್ಲದ ಶತಮಾನಗಳನ್ನು ಒಲೆಯ ಮುಂದಿನ ಹೆಂಗಸರು ದಾಟಿಸಿದ್ದರು.

ಈ ಸಮುದಾಯದವರು ಶುಭಕಾರ್ಯಗಳಲ್ಲಿ ಮಲೀದಾ ಎಂಬ ನೈವೇದ್ಯವನ್ನು ಸಿದ್ಧಪಡಿಸಿ ಪ್ರವಾದಿ ಎಲೀಯನನ್ನು ನೆನೆಯುತ್ತಾರೆ. ನೆನೆಸಿದ ಅವಲಕ್ಕಿ, ಕಾಯಿತುರಿ, ಸಿಹಿ, ಏಲಕ್ಕಿ, ಸುತ್ತಲೂ ಹಣ್ಣುಗಳು, ಅಷ್ಟೇ. ತಿಪಟೂರಿನ ಯಾವ ಅಜ್ಜಿಯ ಮುಂದಿಟ್ಟರೂ, ಇದು ನಮ್ಮ ಸಿಹಿ ಅವಲಕ್ಕಿಯಲ್ಲವೇ ಎಂದು ಕೇಳುವಂತಹ ತಿನಿಸು. ಯೆಹೂದ್ಯರು ನಮ್ಮ ಮೈಸೂರು ಸಂಸ್ಥಾನಕ್ಕೂ ಅಪರಿಚಿತರಾಗಿರಲಿಲ್ಲ. ಬೆಂಗಳೂರಿನಲ್ಲಿ ಅವರ ಸ್ಮಶಾನಕ್ಕಾಗಿ 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಭೂಮಿ ದಾನವಾಗಿ ಕೊಟ್ಟರು. ಸಮಾಧಿಗಳ ಆ ಚಿಕ್ಕ ಆವರಣ ಮೈಸೂರು ರಸ್ತೆಯ ಬಳಿ ಇಂದಿಗೂ ಇದೆ.

ಗರಿಯ ಗುಡಿಸಲಿನಲ್ಲಿ ಏಳು ದಿನ

ಯೆಹೂದ್ಯರ ಹಬ್ಬಗಳಲ್ಲಿ ನಮ್ಮ ತೆಂಗಿನ ಸೀಮೆಯ ಮನಸ್ಸಿಗೆ ಅತ್ಯಂತ ಸಮೀಪವಾದುದು ಪರ್ಣಕುಟೀರಗಳ ಹಬ್ಬವೆಂದರೆ ತಪ್ಪಾಗಲಾರದು. ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ, ಸುಗ್ಗಿ ಮುಗಿದು ಧಾನ್ಯ ಮನೆ ಸೇರಿದ ಮೇಲೆ, ಅವರು ಗಟ್ಟಿಯಾದ ಮನೆಯನ್ನು ಬಿಟ್ಟು ಹೊರಗೆ ಗುಡಿಸಲು ಕಟ್ಟಿ ಏಳು ದಿನ ಅಲ್ಲಿ ಊಟ ಮಾಡಬೇಕು. ಮಾಡಿಗೆ ನೆಲದಲ್ಲಿ ಬೆಳೆದು ಕಡಿದ ಸೊಪ್ಪು ಗರಿಗಳನ್ನೇ ಹೊದಿಸಬೇಕು. ನೆರಳು ಹೆಚ್ಚಿರಬೇಕು, ಆದರೂ ರಾತ್ರಿ ಸಂದಿಯಲ್ಲಿ ನಕ್ಷತ್ರ ಕಾಣುವಂತಿರಬೇಕು. ಕೊಚ್ಚಿಯ ಯೆಹೂದ್ಯರು ಈ ಕುಟೀರಕ್ಕೆ ತೆಂಗಿನ ಗರಿ ಹೊದಿಸುತ್ತಿದ್ದರು. ಅವರ ಪ್ರಾರ್ಥನಾಲಯದ ದೀಪಗಳಲ್ಲಿ ಉರಿಯುತ್ತಿದ್ದುದೂ ತೆಂಗಿನೆಣ್ಣೆಯೇ. 1568ರಲ್ಲಿ ಕಟ್ಟಿದ ಮಟ್ಟಾಂಚೇರಿಯ ಪ್ರಾರ್ಥನಾಲಯ ಇನ್ನೂ ನಿಂತಿದೆ. ಆದರೆ 1950ರ ದಶಕದಿಂದ ಆ ಸಮುದಾಯದ ಬಹುಪಾಲು ಜನ ಇಸ್ರೇಲಿಗೆ ಹೊರಟುಹೋದರು.

ಹೊಟ್ಟೆ ತುಂಬಿದ ಕಾಲದಲ್ಲಿಯೇ ಗುಡಿಸಲಿಗೆ ಏಕೆ ಹೋಗಬೇಕು? ಮರುಭೂಮಿಯಲ್ಲಿ ನಲವತ್ತು ವರ್ಷ ಗುಡಾರಗಳಲ್ಲಿದ್ದ ಪೂರ್ವಜರನ್ನು ನೆನೆಯಲೆಂದು ಯಾಜಕಕಾಂಡದ 23ನೆಯ ಅಧ್ಯಾಯ ಹೇಳುತ್ತದೆ. ಸುಗ್ಗಿಯ ಸಮೃದ್ಧಿ ನನ್ನ ಗೋಡೆಗಳ ಬಲದಿಂದ ಬಂದುದಲ್ಲ, ದೇವರ ಕೃಪೆಯಿಂದ ಬಂದುದು ಎಂಬುದನ್ನು ಮೈಯಿಂದಲೇ ಅನುಭವಿಸಲೆಂದು. ತೆಂಗು ಬೆಳೆಯುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಬಾಧೆ ನಮ್ಮ ತೋಟಗಳಿಗೂ ಹರಡಿ ಕಾಯಿಗಳನ್ನು ಕುಗ್ಗಿಸಿದುದನ್ನು ನಾವು ಮರೆತಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೊಳವೆಬಾವಿ ಬತ್ತಿ, ಮರಗಳ ಸುಳಿ ಬಾಗಿದುದನ್ನೂ ಕಂಡಿದ್ದೇವೆ. ಕಾಯಿಯನ್ನು 8ರಿಂದ 12 ತಿಂಗಳು ಅಟ್ಟದ ಮೇಲಿಟ್ಟು, ನೀರು ಇಂಗಿ, ಒಳಗೆ ಗಿಟುಕು ಗಡಗಡನೆ ಅಲ್ಲಾಡುವವರೆಗೆ ಕಾದು, ಮಾರುಕಟ್ಟೆಗೆ ಒಯ್ದರೆ ಬೆಲೆ ಎಷ್ಟೆಂದು ಯಾರು ಬಲ್ಲರು? 2023ರಲ್ಲಿ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿಳಿದು ರೈತರು ತಿಪಟೂರಿನಲ್ಲಿ ಧರಣಿ ಕುಳಿತರು. 2025ರಲ್ಲಿ ದರ ಆ ಬೆಂಬಲ ಬೆಲೆಯ ದುಪ್ಪಟ್ಟನ್ನೂ ಮೀರಿತು. ಆದರೆ ಇಳುವರಿ ಕುಸಿದು ಅನೇಕರ ಅಟ್ಟದಲ್ಲಿ ಮಾರಲು ಕೊಬ್ಬರಿಯೇ ಇರಲಿಲ್ಲ. ಮಾಡಿನ ಸಂದಿಯಲ್ಲಿ ಆಕಾಶ ನೋಡುವ ಬದುಕು ನಮ್ಮದು ಕೂಡ.

ಜೆರುಸಲೇಮಿನ ದೇವಾಲಯವಿದ್ದ ಕಾಲದಲ್ಲಿ ಈ ಹಬ್ಬದಂದು ಬಲಿಪೀಠದ ಮೇಲೆ ನೀರನ್ನು ಎರೆಯುತ್ತಿದ್ದರು. ಹಬ್ಬದ ಕೊನೆಯಲ್ಲಿ ಮಳೆಗಾಗಿ ಮಾಡುವ ಪ್ರಾರ್ಥನೆ ಇಂದಿಗೂ ನಡೆದುಬಂದಿದೆ. ಯೊವಾನ್ನರ ಶುಭಸಂದೇಶದ 7ನೆಯ ಅಧ್ಯಾಯದಲ್ಲಿ, ಬಾಯಾರಿದವರು ತನ್ನ ಬಳಿಗೆ ಬರಲೆಂದು ಯೇಸು ಎದ್ದು ನಿಂತು ಕರೆದದ್ದು ಇದೇ ಹಬ್ಬದ ಕೊನೆಯ ದಿನ. ಹೇಮಾವತಿ ನಾಲೆಗೆ ನೀರು ಬಂತೇ ಎಂದು ದಿನವೂ ವಿಚಾರಿಸುವ ನಮ್ಮ ಹಳ್ಳಿಗಳಲ್ಲಿ ಈ ವಾಕ್ಯವನ್ನು ಓದಿದಾಗ ಅದರ ತೂಕವೇ ಬೇರೆ.

ಹಕ್ಕಲು ಆಯುವವರ ಪಾಲು

ಪಾಸ್ಕವಾಗಿ ಐವತ್ತನೆಯ ದಿನ ಬರುವುದು ವಾರಗಳ ಹಬ್ಬ. ನಾವು ಪವಿತ್ರಾತ್ಮರ ಆಗಮನವನ್ನು ಕೊಂಡಾಡುವ ಪೆಂತೆಕೋಸ್ತ್ ಇದೇ ಹಬ್ಬದ ದಿನ ನಡೆಯಿತು. ಇದು ಗೋಧಿಯ ಸುಗ್ಗಿಯ ಹಬ್ಬ. ಪ್ರಥಮ ಫಲವನ್ನು ಬುಟ್ಟಿಯಲ್ಲಿಟ್ಟು ದೇವರಿಗೆ ಒಪ್ಪಿಸುವ ಕಾಲ. ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನ್ಮದಿನಕ್ಕೆ ಕರಾವಳಿಯ ನಮ್ಮ ಸಹೋದರರು ಹೊಸ ತೆನೆಯನ್ನು ಆಶೀರ್ವದಿಸಿ, ಅದರ ಕಾಳನ್ನು ಹಾಲಿನಲ್ಲೋ ತೆಂಗಿನ ಹಾಲಿನಲ್ಲೋ ಬೆರೆಸಿ ಮನೆಮಂದಿಯೆಲ್ಲ ಸವಿಯುವ ತೆನೆಹಬ್ಬ ಈ ಪ್ರಥಮ ಫಲದ ಭಾವನೆಯದೇ ಮುಂದುವರಿಕೆ.

ವಾರಗಳ ಹಬ್ಬದಂದು ಯೆಹೂದ್ಯರು ರೂತಳ ಗ್ರಂಥವನ್ನು ಓದುತ್ತಾರೆ. ಗಂಡನನ್ನು ಕಳೆದುಕೊಂಡು ಅತ್ತೆಯ ಜೊತೆ ಪರನಾಡಿಗೆ ಬಂದ ಹೆಣ್ಣುಮಗಳೊಬ್ಬಳು ಬೇರೆಯವರ ಹೊಲದಲ್ಲಿ ಹಕ್ಕಲು ಆಯ್ದು ಅತ್ತೆಯನ್ನು ಸಾಕಿದ ಕಥೆ ಅದು. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡ, ಬಿದ್ದ ತೆನೆಯನ್ನು ಹಿಂತಿರುಗಿ ಆಯಬೇಡ, ಅದು ಬಡವನದು, ಪರದೇಶಿಯದು ಎಂಬ ಕಟ್ಟಳೆ ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿದೆ. ಹಕ್ಕಲು ಭಿಕ್ಷೆಯಲ್ಲ, ಹಕ್ಕು. ಹಬ್ಬದೂಟದ ನಡುವೆ ಈ ಕಥೆಯನ್ನು ಓದುವ ಉದ್ದೇಶ ಸ್ಪಷ್ಟ. ನಿನ್ನ ಎಲೆ ತುಂಬಿದೆ, ಪಕ್ಕದವರ ಎಲೆ ನೋಡಿದೆಯಾ ಎಂದು ಅದು ಕೇಳುತ್ತದೆ.

ತೆಂಗಿನ ತೋಟದಲ್ಲಿ ಹಕ್ಕಲು ಯಾವುದು? ಗಾಳಿಗೆ ಬಿದ್ದ ಒಣಗರಿ, ಎಡೆಮಟ್ಟೆ, ಕರಟ. ಸೌದೆಗೆಂದು, ಪೊರಕೆಯ ಕಡ್ಡಿಗೆಂದು ಅವನ್ನು ಆಯ್ದುಕೊಳ್ಳುವ ಹೆಂಗಸರನ್ನು ಬೇಲಿಯಾಚೆ ಗದರಿಸಿ ಕಳುಹಿಸುವವರೂ ನಮ್ಮ ನಡುವೆ ಇಲ್ಲದಿಲ್ಲ. ಐವತ್ತು ಅರುವತ್ತು ಅಡಿ ಎತ್ತರದ ಮರ ಹತ್ತುವವನು, ಕಾಯಿ ಸುಲಿಯುವವನು, ಕರಟ ಒಡೆದು ಕೊಬ್ಬರಿ ಬಿಡಿಸುವ ಹೆಂಗಸು, ಇವರಿಲ್ಲದೆ ತಿಪಟೂರಿನ ಕೊಬ್ಬರಿಗೆ ಹೆಸರಿಲ್ಲ. ಬೆಲೆ ಇಳಿದಾಗ ಮೊದಲು ಕಡಿತವಾಗುವುದು ಅವರ ಕೂಲಿ. ಬೆಲೆ ಏರಿದಾಗ ಕೊನೆಗೆ ಏರುವುದೂ ಅವರ ಕೂಲಿಯೇ. ಪ್ರಥಮ ಫಲವನ್ನು ದೇವರಿಗೆ ಕೊಡುವೆವೆಂದು ಬಲಿಪೀಠದ ಮುಂದೆ ಎಳೆಕಾಯಿ ಇಟ್ಟು, ಮರ ಹತ್ತಿದವನ ಕೂಲಿಯನ್ನು ಮುಂದಿನ ವಾರಕ್ಕೆ ತಳ್ಳಿದರೆ ಆ ಕಾಣಿಕೆ ದೇವರಿಗೆ ಸಲ್ಲುವುದಾದರೂ ಹೇಗೆ?

ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಹಣ್ಣಿನ ಮರ ನೆಟ್ಟರೆ ಮೊದಲ ಮೂರು ವರ್ಷದ ಫಲವನ್ನು ಮುಟ್ಟಬಾರದು. ನಾಲ್ಕನೆಯ ವರ್ಷದ್ದು ದೇವರಿಗೆ ಮೀಸಲು. ಐದನೆಯ ವರ್ಷದಿಂದ ನೆಟ್ಟವನಿಗೆ. ಈ ಲೆಕ್ಕಕ್ಕಾಗಿಯೇ ಯೆಹೂದ್ಯರಲ್ಲಿ ಮರಗಳ ಹೊಸ ವರ್ಷವೆಂಬ ದಿನವೊಂದಿದೆ. ನಮ್ಮ ಸಂಕ್ರಾಂತಿಯ ಆಸುಪಾಸಿನಲ್ಲಿಯೋ ಅದಾದ ಕೆಲವು ವಾರಗಳಲ್ಲಿಯೋ ಬರುತ್ತದೆ. ಅಂದು ಬಗೆಬಗೆಯ ಹಣ್ಣು ತಿನ್ನುತ್ತಾರೆ. ಬೆನೆ ಇಸ್ರಾಯೇಲರು ಮಲೀದಾ ಮಾಡುತ್ತಾರೆ. ಎತ್ತರದ ತಳಿಯ ತೆಂಗಿನ ಸಸಿ ನೆಟ್ಟು ಮೊದಲ ಹೊಂಬಾಳೆಗೆ ಆರೇಳು ವರ್ಷ ಕಾಯುವ ನಮ್ಮ ರೈತನಿಗೆ ಈ ತಾಳ್ಮೆ ಹೊಸದಲ್ಲ. ನೆಟ್ಟವನು ಮೊಮ್ಮಕ್ಕಳಿಗಾಗಿ ನೆಡುತ್ತಾನೆ. ವಿಶ್ವಾಸವನ್ನೂ ಹಾಗೆಯೇ ನೆಡಬೇಕಾಗಿದೆ.

ಅನುಕರಣೆ ಬೇಡ, ಗೌರವ ಇರಲಿ

ಇಷ್ಟನ್ನು ಓದಿದ ವಾಚಕರಲ್ಲಿ, ಹಾಗಾದರೆ ನಾವು ಕೂಡ ಯೆಹೂದ್ಯರ ಪಾಸ್ಕದೂಟವನ್ನೇ ಮನೆಯಲ್ಲಿ ನಡೆಸಬಹುದಲ್ಲವೇ ಎಂಬ ಪ್ರಶ್ನೆ ಏಳಬಹುದು. ಇಲ್ಲಿ ಸ್ವಲ್ಪ ವಿವೇಚನೆ ಬೇಕು. ಆ ಊಟ ಇಂದಿಗೂ ಜೀವಂತವಾಗಿರುವ ಇನ್ನೊಂದು ಧರ್ಮದ ಪೂಜಾವಿಧಿ. ಇಂದು ಅವರು ಅನುಸರಿಸುವ ಕ್ರಮ ರೂಪುಗೊಂಡದ್ದು ಹೆಚ್ಚಾಗಿ ಕ್ರಿ.ಶ. 70ರಲ್ಲಿ ಜೆರುಸಲೇಮ್ ದೇವಾಲಯ ನಾಶವಾದ ನಂತರ. ಆದುದರಿಂದ ಅದನ್ನೇ ಯೇಸುವಿನ ಕಡೆಯ ಭೋಜನವೆಂದು ನಟಿಸಿ ತೋರಿಸುವುದು ಚರಿತ್ರೆಗೂ ಸಲ್ಲದು, ಆ ಜನರ ಗೌರವಕ್ಕೂ ಸಲ್ಲದು. ಅಮೆರಿಕದ ಕಥೋಲಿಕ ಧರ್ಮಾಧ್ಯಕ್ಷರ ಸಮಿತಿಯೊಂದು 1988ರಲ್ಲಿ ಇದೇ ಎಚ್ಚರಿಕೆಯನ್ನು ಕೊಟ್ಟಿತು. ಯೆಹೂದ್ಯರು ಆಹ್ವಾನಿಸಿದರೆ ಅತಿಥಿಗಳಾಗಿ ಹೋಗಿ ಕುಳಿತುಕೊಳ್ಳಬಹುದು. ಅವರ ವಿಧಿಯನ್ನು ಕಿತ್ತು ತಂದು ನಮ್ಮದೆಂದು ಹೇಳಿಕೊಳ್ಳಬಾರದು.

ಈ ಎಚ್ಚರಕ್ಕೆ ನೋವಿನ ಕಾರಣವಿದೆ. ಅನೇಕ ಶತಮಾನಗಳ ಕಾಲ ಯೂರೋಪಿನಲ್ಲಿ ಪವಿತ್ರ ವಾರವೆಂದರೆ ಯೆಹೂದ್ಯರಿಗೆ ಭಯದ ವಾರವಾಗಿತ್ತು. ಕ್ರಿಸ್ತರ ಮರಣದ ಅಪರಾಧವನ್ನು ಇಡೀ ಜನಾಂಗದ ತಲೆಗೆ ಕಟ್ಟಿ ಅವರನ್ನು ಹಿಂಸಿಸಿದ್ದುಂಟು. ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಅವರನ್ನು ಕುರಿತು ಇದ್ದ ಕಠೋರ ವಿಶೇಷಣವನ್ನು ಜಗದ್ಗುರು ಇಪ್ಪತ್ತಮೂರನೆಯ ಜಾನ್ 1959ರಲ್ಲಿ ತೆಗೆಸಿದರು. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಪ್ರಕಟಿಸಿದ ನೋಸ್ತ್ರ ಎತಾತೆ ಎಂಬ ಘೋಷಣೆ, ಆ ಅಪರಾಧವನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಲಾಗದೆಂದು ಸಾರಿತು. 1986ರ ಏಪ್ರಿಲ್ 13ರಂದು ಜಗದ್ಗುರು ಎರಡನೆಯ ಜಾನ್ ಪಾಲ್ ರೋಮಿನ ಯೆಹೂದ್ಯ ಪ್ರಾರ್ಥನಾಲಯವನ್ನು ಪ್ರವೇಶಿಸಿ, ಅವರು ನಮಗೆ ಅಣ್ಣಂದಿರ ಸಮಾನರೆಂಬ ಅರ್ಥದ ಮಾತನಾಡಿದರು. ಅಣ್ಣನ ಮನೆಯ ಹಬ್ಬ ನೋಡಿ ಬಂದು ತಮ್ಮ ತನ್ನ ಮನೆಯ ಹಬ್ಬವನ್ನು ಚೆನ್ನಾಗಿ ಮಾಡಿದರೆ ಅಣ್ಣನಿಗೂ ಸಂತೋಷ.

ನಮ್ಮ ಮನೆಯಲ್ಲಿ ಏನು ಮಾಡಬಹುದು

ಹಾಗಾದರೆ ತೆಂಗಿನ ನಾಡಿನ ಕಥೋಲಿಕ ಮನೆಯೊಂದು ವರ್ಷದ ಹಬ್ಬಗಳನ್ನು ಹೇಗೆ ಬೆಳಗಿಸಬಹುದು? ಇದಕ್ಕೆ ಹಣ ಬೇಕಿಲ್ಲ. ಸ್ವಲ್ಪ ಸಮಯ, ಸ್ವಲ್ಪ ಮನಸ್ಸು ಇದ್ದರೆ ಸಾಕು.

ಸಂಕ್ರಾಂತಿಯಂದು ನೆರೆಯವರು ಎಳ್ಳುಬೆಲ್ಲ ತಂದಾಗ ಬರಿಗೈಯಲ್ಲಿ ಕಳುಹಿಸದೆ ನಮ್ಮ ತೋಟದ ಫಲವನ್ನು ಕೊಟ್ಟು, ಸಂಜೆ ಮನೆಮಂದಿ ಕುಳಿತು ಭೂಮಿಗಾಗಿ, ಮಳೆಗಾಗಿ, ದನಕರುಗಳಿಗಾಗಿ ಸ್ತೋತ್ರ ಸಲ್ಲಿಸಬಹುದು. ಒಂದು ತೆಂಗಿನ ಸಸಿಯನ್ನು ಮಗುವಿನ ಕೈಯಿಂದಲೇ ನೆಡಿಸಿ, ಅದರ ಮೊದಲ ಗೊನೆ ದೇವರಿಗೂ ಬಡವರಿಗೂ ಸೇರಿದ್ದೆಂದು ಅಂದೇ ತಿಳಿಸಬಹುದು.

ಗರಿಗಳ ಭಾನುವಾರ ತಂದ ಗರಿಯನ್ನು ಮಕ್ಕಳೊಂದಿಗೆ ಕುಳಿತು ಶಿಲುಬೆಯಾಗಿ ಹೆಣೆದು ಪೀಠದ ಮೇಲಿಡಬಹುದು. ಮುಂದಿನ ವರ್ಷ ಬೂದಿ ಬುಧವಾರದಂದು ನಮ್ಮ ಹಣೆಗೆ ಹಚ್ಚುವ ಬೂದಿ ಇಂತಹ ಗರಿಗಳದೇ ಎಂದು ಹೇಳಿದರೆ ಮಕ್ಕಳ ಕಣ್ಣು ಅರಳುತ್ತದೆ. ಹಸಿರು ಗರಿಗೂ ಬೂದಿಗೂ ನಡುವೆ ಒಂದು ವರ್ಷದ ಬಾಳಿದೆ.

ಪವಿತ್ರ ಗುರುವಾರ ದೇವಾಲಯದ ವಿಧಿಗಳಿಂದ ಬಂದ ಮೇಲೆ, ಹುಳಿ ಬರಿಸದ ಸರಳವಾದ ಅಕ್ಕಿ ರೊಟ್ಟಿ, ಬೆಲ್ಲ ಹಾಕಿದ ತೆಂಗಿನ ಹಾಲು ಇಟ್ಟು, ದ್ವೇಷಗಳನ್ನು ಬದಿಗಿಟ್ಟು ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳಬಹುದು. ಅದು ಪರಮಪ್ರಸಾದವಲ್ಲ, ಯೆಹೂದ್ಯರ ಪಾಸ್ಕವೂ ಅಲ್ಲ. ಪ್ರಭುವಿನ ಭೋಜನವನ್ನು ನೆನೆಯುವ ಮನೆಯ ಊಟ. ಆ ರಾತ್ರಿ ಮನೆಯ ಚಿಕ್ಕ ಮಗು, ತಾತ, ಇವತ್ತು ಯಾಕೆ ಎಲ್ಲರೂ ಒಟ್ಟಿಗೆ ಕೂತಿದ್ದೀವಿ ಎಂದು ಕೇಳಲಿ. ತಾತ ಈಜಿಪ್ಟಿನಿಂದ ಆರಂಭಿಸಲಿ. ನಡುವೆ ತಾನು ಈ ಊರಿಗೆ ಹೇಗೆ ಬಂದೆ, ಬರಗಾಲದ ವರ್ಷಗಳನ್ನು ಹೇಗೆ ಕಳೆದೆ, ದೇವರು ಹೇಗೆ ಕೈಬಿಡಲಿಲ್ಲ ಎಂಬುದನ್ನೂ ಸೇರಿಸಲಿ. ಬೆಂಗಳೂರಿನಿಂದ ಮಕ್ಕಳು ಬರಲಾಗದಿದ್ದರೆ ದೂರವಾಣಿಯಲ್ಲಾದರೂ ಆ ಪ್ರಶ್ನೆಯನ್ನು ಮೊಮ್ಮಗು ಕೇಳಲಿ. ಸಾವಿನ ಮನೆಯೋ ಒಂಟಿ ಹಿರಿಯರ ಮನೆಯೋ ಹತ್ತಿರದಲ್ಲಿದ್ದರೆ ಒಂದು ರೊಟ್ಟಿ, ಒಂದು ಲೋಟ ಹಾಲು ಅಲ್ಲಿಗೂ ಹೋಗಲಿ.

ಸೆಪ್ಟೆಂಬರ್‌ನ ತೆನೆಹಬ್ಬದ ಸಮಯದಲ್ಲೋ ಕೊಬ್ಬರಿ ಮಾರಿದ ಮೇಲೋ ಒಂದು ಸಂಜೆ ತೋಟದಲ್ಲಿಯೇ ಗರಿಯ ಚಪ್ಪರ ಹಾಕಿ, ಮರ ಹತ್ತಿದವರು, ಕಾಯಿ ಸುಲಿದವರು, ಕೊಬ್ಬರಿ ಬಿಡಿಸಿದವರು, ಅವರ ಹೆಂಡತಿ ಮಕ್ಕಳು, ನಮ್ಮ ಮನೆಮಂದಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬಹುದು. ಆದರೆ ಊಟಕ್ಕೆ ಕರೆಯುವ ಮುನ್ನ ಬಾಕಿ ಕೂಲಿ ಪೂರ್ತಿ ತೀರಿರಬೇಕು. ಇಲ್ಲದಿದ್ದರೆ ಅದು ಹಬ್ಬವಲ್ಲ, ಆಡಂಬರ.

ಗ್ರಂಥಗಳನ್ನು ಸಮುದ್ರಕ್ಕೆ ಕಳೆದುಕೊಂಡ ಗಾಣಿಗರು ತಮ್ಮ ದೇವರನ್ನು ಕಳೆದುಕೊಳ್ಳಲಿಲ್ಲ. ವಾರಕ್ಕೊಂದು ದಿನ ಗಾಣ ನಿಲ್ಲಿಸಿದರು, ವರ್ಷಕ್ಕೊಂದು ದಿನ ಗಡಿಗೆ ಮುಚ್ಚಿದರು. ನಮಗೆ ಗ್ರಂಥವೂ ಇದೆ, ದೇವಾಲಯವೂ ಇದೆ, ಗುರುಗಳೂ ಇದ್ದಾರೆ. ಒಟ್ಟಿಗೆ ಕುಳಿತು ಉಣ್ಣುವ ಒಂದು ಸಂಜೆಯನ್ನು, ಕೇಳುವ ಮಗುವನ್ನು, ಉತ್ತರ ಹೇಳುವ ತಾಳ್ಮೆಯುಳ್ಳ ಹಿರಿಯರನ್ನು ಮಾತ್ರ ನಾವೇ ಒದಗಿಸಿಕೊಳ್ಳಬೇಕಾಗಿದೆ. ಈ ಬರುವ ಹಬ್ಬದಿಂದಲೇ ಅದನ್ನು ಆರಂಭಿಸೋಣ.